ನೆಟ್ಟಲ್ಲೇ ನಡೆಯುವವರು

ಪ್ರಾಥಮಿಕ ಶಾಲೆಯ ವಿಜ್ಞಾನದ ನೋಟ್ಸಿನಲ್ಲಿ ಜೀವಿಗಳ ಲಕ್ಷಣಗಳು ಅಂತ ಒಂದು ಪಟ್ಟಿ ಇರುತ್ತಿತ್ತು. ಜೀವಿಗಳು ಉಸಿರಾಡುತ್ತವೆ, ಆಹಾರ ತೆಗೆದುಕೊಳ್ಳುತ್ತವೆ, ಬೆಳೆಯುತ್ತವೆ, ಚಲಿಸುತ್ತವೆ, ತಮ್ಮಂಥದ್ದೇ ಮರಿಗಳನ್ನು ಹುಟ್ಟಿಸುತ್ತವೆ. ಸಾಲಿಗೆ ಅರ್ಧ ಅಂಕ. ಬೆಳವಣಿಗೆಗೆ ಒಂದು ಸಾಲು, ಚಲನೆಗೆ ಇನ್ನೊಂದು. ಎರಡನ್ನೂ ಸೇರಿಸಿ ಒಂದೇ ಸಾಲಿನಲ್ಲಿ ಬರೆದವನ ಅರ್ಧ ಅಂಕ ಹೋಯಿತೆಂದೇ ಲೆಕ್ಕ. ಹಿಂದಿನ ಬೆಂಚಿನ ತುಂಟ ಯಾವನಾದರೂ ಎದ್ದು, "ಸಾರ್, ಮಾವಿನ ಮರ ಎಲ್ಲಿ ಚಲಿಸುತ್ತೆ ಸಾರ್?" ಅಂದರೆ ಮೇಷ್ಟ್ರ ಹತ್ತಿರ ಉತ್ತರ ಸಿದ್ಧವಾಗಿತ್ತು. "ಮುಟ್ಟಿದರೆ ಮುನಿ ನೋಡಿಲ್ವೇನೋ? ಕೂತ್ಕೋ." ಅವನು ಕೂರುತ್ತಿದ್ದ. ಮಾವಿನ ಮರದ ಪ್ರಶ್ನೆ ಮಾತ್ರ ನಿಂತೇ ಇರುತ್ತಿತ್ತು.

ಆ ಪಟ್ಟಿಯನ್ನು ಮನುಷ್ಯರನ್ನೂ ನಾಯಿ ದನಗಳನ್ನೂ ನೋಡಿಕೊಂಡು ಬರೆದಿದ್ದಾರೆ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ನಮ್ಮ ಕಣ್ಣಿಗೆ ಬೆಳೆಯುವ ಕೆಲಸ ಬೇರೆ, ಓಡಾಡುವ ಕೆಲಸ ಬೇರೆ. ಮಗು ನಿದ್ದೆಯಲ್ಲಿದ್ದಾಗಲೂ ಬೆಳೆಯುತ್ತದೆ. ಅದರ ತಾತ ಬೆಳೆಯುವುದನ್ನು ನಿಲ್ಲಿಸಿ ಅರ್ಧ ಶತಮಾನವಾಗಿದ್ದರೂ ಪೇಪರು ತರಲು ಸರ್ಕಲ್ಲಿಗೆ ಹೋಗಿ ಬರುತ್ತಾನೆ. ಗಿಡಮರಗಳ ಕಡೆ ತಿರುಗಿದೊಡನೆ ಈ ಎರಡು ಸಾಲುಗಳ ನಡುವಿನ ಗೆರೆ ಅಳಿಸಿಹೋಗುತ್ತದೆ. ಗಿಡದ ಒಂದೊಂದು ಜೀವಕೋಶಕ್ಕೂ ಸುತ್ತ ಗಟ್ಟಿ ಗೋಡೆ. ಅದು ಪಕ್ಕದ ಕೋಶಕ್ಕೆ ಅಂಟಿಕೊಂಡೇ ಹುಟ್ಟಿ, ಅಂಟಿಕೊಂಡೇ ಸಾಯುತ್ತದೆ. ಪ್ರಾಣಿಗಳ ಭ್ರೂಣದಲ್ಲಿ ಕೋಶಗಳು ಗುಂಪುಗುಂಪಾಗಿ ಅತ್ತಿಂದಿತ್ತ ವಲಸೆ ಹೋಗುತ್ತವೆ. ಗಿಡದ ಕೋಶಕ್ಕೆ ಆ ಭಾಗ್ಯವಿಲ್ಲ. ಅದರ ಕೈಲಾಗುವುದು ಇಷ್ಟೇ: ನೀರು ಕುಡಿದು ಹಿಗ್ಗುವುದು, ಇಬ್ಭಾಗವಾಗುವುದು. ಹೀಗಾಗಿ ಗಿಡ ಎಲ್ಲಿಗಾದರೂ ಹೋಗಬೇಕೆಂದರೆ ಅಲ್ಲಿಯವರೆಗೆ ಬೆಳೆಯಬೇಕು. ಹೋಗಿಬರುವುದು ಎಂಬುದಿಲ್ಲ, ಹೋಗುವುದಷ್ಟೇ.

ಮೇಷ್ಟ್ರ ಉದಾಹರಣೆಯ ತಮಾಷೆ ಇರುವುದೇ ಇಲ್ಲಿ. ಗಿಡಗಳ ಚಲನೆಗೆ ನಾವೆಲ್ಲ ಸಾಕ್ಷಿಗೆ ಕರೆಯುವ ಮುಟ್ಟಿದರೆ ಮುನಿ ಗಿಡಗಳ ಲೋಕದಲ್ಲಿ ಒಂದು ಅಪವಾದ. ದಕ್ಷಿಣ ಅಮೆರಿಕದ ಕಡೆಯಿಂದ ಬಂದು ನಮ್ಮ ಗದ್ದೆಬದು, ಶಾಲಾ ಮೈದಾನಗಳನ್ನೆಲ್ಲ ತನ್ನದು ಮಾಡಿಕೊಂಡಿರುವ ಈ ನಾಚಿಕೆ ಮುಳ್ಳು, ಮಡಚಿಕೊಳ್ಳುವಾಗ ಎಳ್ಳಷ್ಟೂ ಬೆಳೆಯುವುದಿಲ್ಲ. ಎಲೆತೊಟ್ಟಿನ ಬುಡದಲ್ಲಿ ಸಣ್ಣದೊಂದು ಉಬ್ಬು ಇದೆ. ಮುಟ್ಟಿದ ತಕ್ಷಣ ಉಬ್ಬಿನ ಒಂದು ಬದಿಯ ಕೋಶಗಳು ನೀರು ಬಿಟ್ಟುಕೊಟ್ಟು ಸೊರಗುತ್ತವೆ, ಎಲೆ ಜೋತುಬೀಳುತ್ತದೆ. ಸ್ವಲ್ಪ ಹೊತ್ತಿಗೆ ನೀರು ಮರಳಿ ತುಂಬುತ್ತದೆ, ಎಲೆ ಏಳುತ್ತದೆ. ಇದ್ದ ನೀರು ಅತ್ತಿಂದಿತ್ತ ಹೋಗಿಬಂತೇ ಹೊರತು ಗಿಡದ ಮೈಯಲ್ಲಿ ಏನೂ ಉಳಿಯಲಿಲ್ಲ.

ಸಂಜೆ ಎಲೆ ಮುಚ್ಚಿ ಬೆಳಗ್ಗೆ ತೆರೆಯುವ ಹುಣಸೆಯದೂ ಇದೇ ನೀರಿನಾಟ. ಇದನ್ನು ಬಹಳ ಹಿಂದೆಯೇ ಬರೆದಿಟ್ಟವನು ಅಲೆಕ್ಸಾಂಡರನ ದಂಡಿನ ಜೊತೆಗಿದ್ದ ಆಂಡ್ರೊಸ್ತೆನೀಸ್ ಎಂಬ ನಾವಿಕ. ಕ್ರಿಸ್ತಪೂರ್ವ 4ನೇ ಶತಮಾನದಲ್ಲಿ ಟೈಲೋಸ್ ದ್ವೀಪದಲ್ಲಿ, ಅಂದರೆ ಈಗಿನ ಬಹ್ರೇನ್‌ನಲ್ಲಿ, ರಾತ್ರಿ ಎಲೆ ಮುಚ್ಚಿ ಮಲಗುವ ಮರವೊಂದನ್ನು ಅವನು ಕಂಡ. ಅದು ಹುಣಸೆಯೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಸಾವಿರಾರು ಹುಣಸೆಮರಗಳಿರುವ ನಮ್ಮ ನಾಡಿನವರು ಇದನ್ನು ಮೊದಲೇ ಬರೆದಿಡಬಹುದಿತ್ತಲ್ಲ ಅಂದರೆ, ನಮ್ಮ ಕಷ್ಟ ಬೇರೆ: ನಮ್ಮ ಹುಣಸೆಮರಗಳಲ್ಲಿ ದೆವ್ವಗಳಿದ್ದವು, ಹೊತ್ತು ಮುಳುಗಿದ ಮೇಲೆ ಆ ಕಡೆ ಯಾರೂ ಹೋಗುತ್ತಿರಲಿಲ್ಲ.

ಗಿಡ ನಿಜವಾಗಿ ನಡೆಯುವುದನ್ನು ನೋಡಬೇಕೆಂದರೆ ಹಿತ್ತಲಿನ ಚಪ್ಪರಕ್ಕೆ ಬರಬೇಕು. ಹಬ್ಬುವ ಹುರುಳಿಕಾಯಿ ಬಳ್ಳಿಯ ಹತ್ತಿರ ಒಂದು ಕೋಲು ನೆಟ್ಟು ಬಿಟ್ಟರೆ ಅದರ ತುದಿ ಗಾಳಿಯಲ್ಲಿ ನಿಧಾನವಾಗಿ ಸುತ್ತು ಹಾಕುತ್ತಿರುತ್ತದೆ, ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ. ಕೋಲು ಸಿಕ್ಕಿತೋ, ಅದೇ ಸುತ್ತು ಕೋಲಿನ ಮೇಲೇರುತ್ತದೆ. ಅದನ್ನು ಬಿಡಿಸಿ, ನಮಗೆ ಚಂದ ಕಂಡ ಕಡೆಗೆ ತಿರುಗಿಸಿ ದಾರ ಕಟ್ಟಿ ಬಂದರೂ ಹೊಸ ಕುಡಿ ತನ್ನ ದಿಕ್ಕನ್ನೇ ಹಿಡಿಯುತ್ತದೆ. ಈ ವಿಷಯದಲ್ಲಿ ಬಳ್ಳಿಯ ಜೊತೆ ವಾದ ಮಾಡಿ ಗೆದ್ದವರನ್ನು ನಾನು ಕಂಡಿಲ್ಲ.

ಚಾರ್ಲ್ಸ್ ಡಾರ್ವಿನ್ ಇದನ್ನು ನೋಡಿದ್ದು ಕಾಯಿಲೆಯ ದೆಸೆಯಿಂದ. ಕೋಣೆ ಬಿಟ್ಟು ಹೊರಬರಲಾಗದೆ ಮಲಗಿದ್ದ ದಿನಗಳಲ್ಲಿ, ಬಿಯರಿಗೆ ಕಹಿ ಕೊಡುವ ಹಾಪ್ಸ್ ಬಳ್ಳಿಯ ಕುಂಡವೊಂದನ್ನು ಬೆಚ್ಚಗಿನ ಕೋಣೆಯಲ್ಲೇ ಇರಿಸಿಕೊಂಡು, ಅದರ ತುದಿ ಹಗಲಿರುಳು ಎಲ್ಲೆಲ್ಲಿ ಹೋಗುತ್ತದೆಂದು ಗುರುತು ಹಾಕುತ್ತಾ ಕೂತ. ಸೆಕೆಯ ದಿನಗಳ ಹಗಲಿನಲ್ಲಿ ಒಂದು ಸುತ್ತಿಗೆ ಸರಾಸರಿ 2 ಗಂಟೆ 8 ನಿಮಿಷ. ಅಮೆರಿಕದ ಸಸ್ಯವಿಜ್ಞಾನಿ ಏಸಾ ಗ್ರೇ ಕಳಿಸಿಕೊಟ್ಟ ಕಾಡು ಸೌತೆಯ ಜಾತಿಯ ಬೀಜಗಳನ್ನೂ ಬೆಳೆಸಿ ನೋಡಿದ. 1865ರಲ್ಲಿ ಬಳ್ಳಿಗಳ ಬಗ್ಗೆ ಉದ್ದನೆಯ ಪ್ರಬಂಧ ಬಂತು. 1880ರಲ್ಲಿ ಮಗ ಫ್ರಾನ್ಸಿಸ್ ಜೊತೆಗೂಡಿ ಬರೆದ, ಗಿಡಗಳ ಚಲನಶಕ್ತಿಯ ಕುರಿತ ದಪ್ಪ ಪುಸ್ತಕ. ಬಳ್ಳಿ ಮಾತ್ರವಲ್ಲ, ಮೊಳಕೆ, ಬೇರು, ಎಲೆ ಎಲ್ಲವೂ ಬೆಳೆಯುತ್ತಾ ಸುತ್ತುತ್ತಲೇ ಇರುತ್ತವೆ ಅನ್ನುವುದು ಅಪ್ಪ ಮಗನ ವಾದ. ವಿಕಾಸವಾದದ ಡಾರ್ವಿನ್‌ಗಿಂತ ಈ ಹಾಸಿಗೆ ಹಿಡಿದ, ಕುಂಡ ಕಾಯುವ ಡಾರ್ವಿನ್ ನನಗೆ ಹೆಚ್ಚು ಆಪ್ತ. ಓಡಾಡಲಾಗದವನು ಮಾತ್ರ ಓಡಾಡದವರ ಓಡಾಟ ಕಂಡುಹಿಡಿಯಬಲ್ಲ ಅನಿಸುತ್ತದೆ.

ಹೀರೆ, ಸೌತೆ, ಹಾಗಲ ಬಳ್ಳಿಗಳು ತಾವೇ ಸುತ್ತುವ ಬದಲು ಕುಡಿಬಳ್ಳಿ ಚಾಚುತ್ತವೆ. ಕುಡಿಬಳ್ಳಿಯ ತುದಿ ತಂತಿಯನ್ನೋ ಕಡ್ಡಿಯನ್ನೋ ಹಿಡಿದ ಮೇಲೆ ನಡುವಿನ ಉದ್ದವೆಲ್ಲ ಸುರುಳಿಯಾಗುತ್ತದೆ, ಬಳ್ಳಿಯನ್ನು ಆಸರೆಯ ಹತ್ತಿರಕ್ಕೆ ಎಳೆದುಕೊಳ್ಳುತ್ತದೆ. ಬಿಡುವಿದ್ದಾಗ ಆ ಸುರುಳಿಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ. ಅರ್ಧದವರೆಗೆ ಬಲಕ್ಕೆ ಸುತ್ತಿರುತ್ತದೆ, ನಡುವೆ ಒಂದು ಸಣ್ಣ ನೇರ ತುಂಡು, ಅಲ್ಲಿಂದಾಚೆ ಎಡಕ್ಕೆ. ಹಳೆಯ ಲ್ಯಾಂಡ್‌ಲೈನ್ ಫೋನಿನ ಸುರುಳಿ ವೈರು ನಡುವೆಲ್ಲೋ ದಿಕ್ಕು ಬದಲಿಸಿ ತಿರುಚಿಕೊಳ್ಳುತ್ತಿತ್ತಲ್ಲ, ಥೇಟ್ ಅದೇ. ಕಾರಣವೂ ಸರಳ: ಎರಡು ತುದಿಯೂ ಬಿಗಿದಿದ್ದಾಗ ಒಂದೇ ದಿಕ್ಕಿಗೆ ಸುತ್ತಲು ಹೋದರೆ ನುಲಿದು ತುಂಡಾಗುತ್ತದೆ. ಎಡ ಬಲ ಸರಿದೂಗಿದರೆ ನುಲಿಯಿಲ್ಲದ ಸ್ಪ್ರಿಂಗು ಸಿಗುತ್ತದೆ. ಗಾಳಿ ಬೀಸಿದಾಗ ಬಳ್ಳಿ ಜಗ್ಗುತ್ತದೆ, ಕಿತ್ತುಹೋಗುವುದಿಲ್ಲ.

ಬಾಗುವುದು ಹೇಗೆ ಎಂಬುದರ ಗುಟ್ಟೂ ಅಪ್ಪ ಮಗನಿಗೆ ಅರ್ಧ ಸಿಕ್ಕಿತ್ತು. ಕ್ಯಾನರಿ ಹುಲ್ಲಿನ ಮೊಳಕೆ ಕಿಟಕಿಯ ಬೆಳಕಿನತ್ತ ಬಾಗುತ್ತದೆ. ಮೊಳಕೆಯ ತುದಿಗೆ ಮಾತ್ರ ಬೆಳಕು ಹೋಗದ ಟೊಪ್ಪಿಗೆ ತೊಡಿಸಿದರೆ ಬಾಗುವುದಿಲ್ಲ. ಬಾಗುವ ಜಾಗ ಕೆಳಗೆ, ಬೆಳಕು ಕಾಣುವ ಜಾಗ ಮೇಲೆ! ಅಂದರೆ ತುದಿಯಿಂದ ಏನೋ ಒಂದು ಸಂದೇಶ ಇಳಿಯುತ್ತಿರಬೇಕು. ಆ ಸಂದೇಶವನ್ನು ಹಿಡಿದವನು 1920ರ ದಶಕದ ಕೊನೆಯಲ್ಲಿ ನೆದರ್‌ಲೆಂಡ್ಸಿನ ಫ್ರಿಟ್ಸ್ ವೆಂಟ್. ಓಟ್ಸ್ ಮೊಳಕೆಯ ತುದಿ ಕತ್ತರಿಸಿ ಜೆಲ್ಲಿಯಂಥ ಅಗರ್ ತುಂಡಿನ ಮೇಲಿಟ್ಟ. ಆಮೇಲೆ ಆ ಅಗರ್ ತುಂಡನ್ನು ತಲೆಯಿಲ್ಲದ ಮೊಳಕೆಯ ಒಂದು ಬದಿಗೆ ಕೂರಿಸಿದ. ಕತ್ತಲೆಯಲ್ಲೇ ಮೊಳಕೆ ಇನ್ನೊಂದು ಬದಿಗೆ ಬಾಗಿತು. ತುದಿಯಿಂದ ಅಗರ್‌ಗೆ ಇಳಿದಿದ್ದ ಆ ಪದಾರ್ಥವನ್ನು ಇವತ್ತು ಆಕ್ಸಿನ್ ಅನ್ನುತ್ತೇವೆ. ಬೆಳಕು ಒಂದು ಕಡೆಯಿಂದ ಬಿದ್ದಾಗ ಅದು ನೆರಳಿನ ಬದಿಗೆ ಹೆಚ್ಚು ಹರಿಯುತ್ತದೆ, ಆ ಬದಿ ಹೆಚ್ಚು ಬೆಳೆಯುತ್ತದೆ, ಗಿಡ ಬೆಳಕಿನ ಕಡೆ ವಾಲುತ್ತದೆ. ಒಂದು ಪಕ್ಕ ಇನ್ನೊಂದಕ್ಕಿಂತ ಚೂರು ಜಾಸ್ತಿ ಬೆಳೆಯುವುದು: ಗಿಡಗಳ ತಿರುಗಾಟದ ಮುಕ್ಕಾಲು ಪಾಲು ಇಷ್ಟೇ.

ಈ ಏರ್ಪಾಡಿನ ಫಲ ಏನೆಂದರೆ, ಗಿಡ ಇಟ್ಟ ಹೆಜ್ಜೆಯನ್ನು ಹಿಂದೆಗೆಯಲಾರದು. ಹಿಗ್ಗಿದ ಕೋಶದ ಗೋಡೆ ಗಟ್ಟಿಯಾದ ಮೇಲೆ ಕುಗ್ಗುವುದಿಲ್ಲ. ಮನಸ್ಸು ಬದಲಾದರೆ ಹಿಂದಕ್ಕೆ ಬರುವಂತಿಲ್ಲ, ಮುಂದಿನ ಗೇಣನ್ನು ಬೇರೆ ದಿಕ್ಕಿಗೆ ಬೆಳೆಯಬಹುದಷ್ಟೆ. ಹಳೆಯ ಹೆಜ್ಜೆಗಳೆಲ್ಲ ಮೈಯಾಗಿ ನಿಂತಿರುತ್ತವೆ. ಹೊನ್ನಾವರದ ಕಡೆ ಶರಾವತಿಯ ದಡದಲ್ಲಿ ನೀರಿನ ಮೇಲೆ ಬಾಗಿ, ಆಮೇಲೆ ನೆನಪಾದವರ ಹಾಗೆ ತಲೆಯೆತ್ತಿದ ತೆಂಗಿನ ಮರಗಳನ್ನು ನೋಡಿದ್ದೀರಲ್ಲ. ಬಗ್ಗಿದ ಭಾಗ, ಆ ಮರ ಎಳೆಯದಾಗಿದ್ದಾಗ ಬೆಳಕು ಎಲ್ಲಿತ್ತು, ಬುಡದ ಮಣ್ಣು ಯಾವಾಗ ಕುಸಿಯಿತು ಎಂಬುದರ ದಾಖಲೆ. ದಡದ ಮೇಲಿನ ದೊಡ್ಡ ಮರಗಳು ಬಿದ್ದುಹೋಗಿ ಈಗ ಸುತ್ತೆಲ್ಲ ಬೆಳಕಿರಬಹುದು. ಕಾಂಡ ನೇರವಾಗುವುದಿಲ್ಲ. ಬೆಳೆಯುವ ಮೊಗ್ಗು ಇರುವುದು ನೆತ್ತಿಯಲ್ಲಿ ಒಂದೇ ಕಡೆ. ಅದು ಎಲ್ಲಿದೆಯೋ ಅಲ್ಲಿ ಮಾತ್ರ ಮರಕ್ಕೆ ಇನ್ನೂ ಆಯ್ಕೆ ಉಂಟು.

ಊರ ಒಳಗೆ ಇದೇ ಸಂಗತಿ ಜಗಳವಾಗುತ್ತದೆ. ಒಬ್ಬರ ಹಿತ್ತಲಿನ ತೆಂಗು ಇನ್ನೊಬ್ಬರ ಹೆಂಚಿನ ಮೇಲೆ ವಾಲಿತೆಂದರೆ ಮುಗಿಯಿತು. "ನಿಮ್ಮ ಮರ ನಮ್ಮನೆ ಕಡೆ ಬರ್ತಿದೆ" ಅಂತ ಅವರು. "ನೆಟ್ಟಾಗ ನೆಟ್ಟಗೇ ಇತ್ತು, ನೀವು ಮಾಡಿ ಕಟ್ಟಿ ಬೆಳಕು ತಡೆದ್ರಿ, ಅದೇನು ಮಾಡುತ್ತೆ ಪಾಪ?" ಅಂತ ಇವರು. ನ್ಯಾಯ ಹೇಳಬೇಕೆಂದರೆ ಇಬ್ಬರೂ ಸಸ್ಯವಿಜ್ಞಾನದ ಪ್ರಕಾರ ಸರಿ. ಮರ ಹೋಗಿದ್ದೂ ನಿಜ, ಬೆಳೆದಿದ್ದೂ ನಿಜ. ಕಾಯಿ ಯಾರ ಅಂಗಳದಲ್ಲಿ ಬಿತ್ತು ಅನ್ನುವಲ್ಲಿಗೆ ವಿಜ್ಞಾನ ಮುಗಿದು ಪಂಚಾಯಿತಿ ಶುರುವಾಗುತ್ತದೆ.

ಮರದ ಎತ್ತರ ಹೆಚ್ಚುವುದು ತುದಿಯಲ್ಲಿ ಮಾತ್ರ ಅನ್ನುವುದಕ್ಕೆ ಕಾಲೇಜು ಆವರಣದ ಹಳೆಯ ಮರಗಳೇ ಪುರಾವೆ. ಇಪ್ಪತ್ತು ವರ್ಷಗಳ ಹಿಂದೆ ಎದೆಮಟ್ಟದಲ್ಲಿ ಚಾಕುವಿನಿಂದ ಕೆತ್ತಿದ ಎರಡು ಹೆಸರು ಮತ್ತು ನಡುವಿನ ಬಾಣ ಈಗಲೂ ಎದೆಮಟ್ಟದಲ್ಲೇ ಇರುತ್ತದೆ, ಮುಗಿಲಿಗೇನೂ ಏರಿರುವುದಿಲ್ಲ. ಕಾಂಡ ದಪ್ಪವಾಗುವುದರಿಂದ ಅಕ್ಷರಗಳು ಅಡ್ಡಡ್ಡ ಊದಿಕೊಂಡಿರುತ್ತವೆ. ಕೆತ್ತಿದವರೂ ಬಹುತೇಕ ಹಾಗೇ ಆಗಿರುತ್ತಾರೆ.

ಗಿಡದ ಈ ನಡಿಗೆ ಕಣ್ಣಿಗೆ ಕಾಣದಷ್ಟು ನಿಧಾನ ಅನ್ನುವುದೇ ಜಗದೀಶ್ ಚಂದ್ರ ಬೋಸರಿಗಿದ್ದ ಅಸಹನೆ. ಅವರ ಬಗ್ಗೆ ಮಾತಾಡುವಾಗ ನಾವು "ಗಿಡಗಳಿಗೂ ನೋವಾಗುತ್ತದೆ" ಅನ್ನುವಲ್ಲಿಗೆ ಹಾರಿ ಕಣ್ಣೊರೆಸಿಕೊಳ್ಳುತ್ತೇವೆ. ನನಗೆ ಅವರ ಹಿರಿಮೆ ಕಾಣುವುದು ಕ್ರೆಸ್ಕೋಗ್ರಾಫ್ ಎಂಬ ಅವರ ಯಂತ್ರದಲ್ಲಿ. ಸಭೆಯಲ್ಲಿ ಜನ ಕೂತಿರುವಾಗಲೇ, ಅವರ ಕಣ್ಣೆದುರಿಗೇ ಒಂದು ಗಿಡ ಬೆಳೆಯುವುದನ್ನು ತೋರಿಸಬೇಕು ಅನ್ನುವ ಹಟ ಅದು. ಸನ್ನೆಗೋಲುಗಳನ್ನು ಜೋಡಿಸಿ ಬೆಳವಣಿಗೆಯನ್ನು ಹತ್ತು ಸಾವಿರ ಪಟ್ಟು ಹಿಗ್ಗಿಸಿ ತೋರಿಸಿದರು. ಸಾಲದೆಂದು ಆಯಸ್ಕಾಂತ ಬಳಸಿ ಹತ್ತು ಲಕ್ಷದಿಂದ ಒಂದು ಕೋಟಿ ಪಟ್ಟಿನವರೆಗೆ ಹೋದರು. ಲಂಡನ್ನಿನಲ್ಲಿ ಇದನ್ನು ನಂಬದವರು ತಕರಾರು ತೆಗೆದಾಗ, 1920ರಲ್ಲಿ ಲಾರ್ಡ್ ರೇಲಿ ಮೊದಲಾದ ವಿಜ್ಞಾನಿಗಳು ಯಂತ್ರವನ್ನು ಪರೀಕ್ಷಿಸಿ, ಅದು ತೋರಿಸುವುದು ಸರಿಯೆಂದು ಪತ್ರಿಕೆಯಲ್ಲಿ ಬಹಿರಂಗವಾಗಿ ಬರೆದರು. ಅದೇ ವರ್ಷ ಬೋಸ್ ರಾಯಲ್ ಸೊಸೈಟಿಯ ಫೆಲೋ ಆದರು. ಫರೀದಪುರದ ಈಚಲ ಜಾತಿಯ ಮರವೊಂದರ ಹಿಂದೆ ಬಿದ್ದದ್ದೂ ಅವರೇ. ಸಂಜೆ ದೇವಸ್ಥಾನದ ಗಂಟೆ ಹೊಡೆಯುವ ಹೊತ್ತಿಗೆ ಆ ಓರೆ ಮರ ತಲೆಬಾಗುತ್ತದೆ, ಬೆಳಗ್ಗೆ ಏಳುತ್ತದೆ ಅಂತ ಜನ ಅದಕ್ಕೆ ಕೈಮುಗಿಯುತ್ತಿದ್ದರು. ಬೋಸ್ ಅದಕ್ಕೊಂದು ಉಪಕರಣ ಕಟ್ಟಿ ಹಗಲಿರುಳು ದಾಖಲಿಸಿ, ಮರ ಏಳುವುದು ಬೀಳುವುದು ಹವೆಯ ಕಾವಿಗೆ ತಕ್ಕಂತೆ ಎಂದು ಕಂಡುಕೊಂಡರು. ಕೈಮುಗಿಯುವವರದೂ ತಪ್ಪಿಲ್ಲ, ಇಂಥ ಮರಕ್ಕೆ ಮುಗಿಯದೆ ಇನ್ಯಾವುದಕ್ಕೆ ಮುಗಿಯಬೇಕು?

ಬೆಳೆಯುವುದಕ್ಕೂ ಚಲಿಸುವುದಕ್ಕೂ ಇರುವ ನಂಟು ಏನೆಂದು ನನ್ನನ್ನು ಯಾರಾದರೂ ಕೇಳಿದರೆ ಗದಗ, ಕೊಪ್ಪಳ, ರಾಯಚೂರಿನ ಕಡೆಯ ಕಪ್ಪು ಮಣ್ಣಿನ ಹೊಲಗಳನ್ನು ತೋರಿಸುತ್ತೇನೆ. ಸೂರ್ಯಕಾಂತಿ ಸೂರ್ಯನ ಹಿಂದೆ ತಿರುಗುತ್ತದೆ ಅಂತ ನಂಬಿ, ಸಂಜೆ ನಾಲ್ಕರ ಬೆಳಕಿನಲ್ಲಿ ಫೋಟೋ ತೆಗೆಸಿಕೊಳ್ಳಲು ಕಾರು ನಿಲ್ಲಿಸಿ ಇಳಿದವರಿಗೆ ಹೂಗಳ ಬೆನ್ನು ಮಾತ್ರ ಕಾಣುತ್ತದೆ. ಸೂರ್ಯ ಪಶ್ಚಿಮದಲ್ಲಿ, ಇಡೀ ಹೊಲದ ಮುಖ ಪೂರ್ವಕ್ಕೆ. ಗಾದೆಯಷ್ಟೇ ಹಳೆಯ ನಂಬಿಕೆ ಸುಳ್ಳಾಯಿತೇ ಅಂದರೆ ಅದೂ ಇಲ್ಲ. ಎಳೆಯ ಗಿಡ ನಿಜವಾಗಿಯೂ ತಿರುಗುತ್ತದೆ. ಬೆಳಗ್ಗೆ ಮೊಗ್ಗು ಪೂರ್ವಕ್ಕಿರುತ್ತದೆ, ಸಂಜೆಗೆ ಪಶ್ಚಿಮಕ್ಕೆ, ರಾತ್ರಿ ಯಾರೂ ನೋಡದಾಗ ಮತ್ತೆ ಪೂರ್ವಕ್ಕೆ ಬಂದು ಕಾಯುತ್ತದೆ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನವರು 2016ರಲ್ಲಿ ಇದರ ಒಳಗುಟ್ಟು ಬಿಚ್ಚಿಟ್ಟರು. ಗಿಡದ ಕಾಂಡಕ್ಕೆ ಶಾಯಿಯಲ್ಲಿ ಚುಕ್ಕೆ ಇಟ್ಟು ನೋಡಿದರೆ, ಹಗಲು ಕಾಂಡದ ಪೂರ್ವದ ಬದಿ ಹೆಚ್ಚು ಬೆಳೆಯುತ್ತದೆ. ತಲೆ ಪಶ್ಚಿಮಕ್ಕೆ ವಾಲುತ್ತದೆ. ರಾತ್ರಿ ಪಶ್ಚಿಮದ ಬದಿಯ ಸರದಿ. ತಲೆ ಪೂರ್ವಕ್ಕೆ ಮರಳುತ್ತದೆ. ಹಿಂದೆ ಬಂತೆಂದು ನಾವು ಅಂದುಕೊಂಡದ್ದು ಹಿಂದೆ ಬಂದದ್ದಲ್ಲ, ಇನ್ನಷ್ಟು ಬೆಳೆದದ್ದು. ದಿನವೂ ಎರಡು ಬದಿ ಸರದಿಯ ಮೇಲೆ ಉದ್ದವಾಗಿ ಗಿಡ ಎತ್ತರವಾಗುತ್ತದೆ. ಕಾಂಡ ಉದ್ದವಾಗದ ಕುಳ್ಳು ತಳಿಯೊಂದಿದೆ. ಅದು ಸೂರ್ಯನ ಹಿಂದೆ ತಿರುಗುವುದೂ ಇಲ್ಲ. ತಿರುಗದಂತೆ ಕಟ್ಟಿಹಾಕಿದ ಗಿಡಗಳು ಸೊರಗಿದವು. ಕೊನೆಗೆ ಹೂ ಬಿರಿದು ಕಾಂಡದ ಬೆಳವಣಿಗೆ ಮುಗಿಯುತ್ತಾ ಬಂದಾಗ ತಿರುಗಾಟವೂ ನಿಂತು ಹೂ ಪೂರ್ವಕ್ಕೆ ಮುಖ ಮಾಡಿ ಉಳಿದುಬಿಡುತ್ತದೆ. ಸೂರ್ಯನ ಮೇಲೆ ಮುನಿಸೇನಿಲ್ಲ. ತಿರುಗಲು ಬೇಕಾದ ಬೆಳವಣಿಗೆ ಮೈಯಲ್ಲಿ ಮಿಕ್ಕಿಲ್ಲ, ಅಷ್ಟೆ.

ಪೂರ್ವವೇ ಏಕೆ? ಬೆಳಗಿನ ಬಿಸಿಲು ಹೂವನ್ನು ಬೇಗ ಬೆಚ್ಚಗಾಗಿಸುತ್ತದೆ, ಜೇನುಹುಳುಗಳಿಗೆ ಬೆಚ್ಚಗಿನ ಹೂ ಇಷ್ಟ. ಅದೇ ಸಂಶೋಧಕರು ಕೆಲವು ಕುಂಡಗಳನ್ನು ಪಶ್ಚಿಮಕ್ಕೆ ತಿರುಗಿಸಿಟ್ಟು ನೋಡಿದಾಗ, ಪೂರ್ವದ ಹೂಗಳಿಗೆ ಐದು ಪಟ್ಟು ಹೆಚ್ಚು ಹುಳುಗಳು ಬಂದವು. ಅಂದರೆ ನಿಂತ ಮೇಲೂ ಗಿಡದ ಕೆಲಸ ನಡೆಯುತ್ತದೆ, ಆದರೆ ಓಡಾಟ ಈಗ ಜೇನಿನದು.

ಈ ನಡಿಗೆಯ ವೇಗದ ಪ್ರಶ್ನೆ ಬಂದರೆ, ಬಿದಿರಿನ ಬಗ್ಗೆ ಒಂದೇ ಮಾತು. ದಿನಕ್ಕೆ 91 ಸೆಂಟಿಮೀಟರ್ ಬೆಳೆಯುವ ಬಿದಿರಿನ ಜಾತಿಗಳಿವೆ ಅನ್ನುವುದು ಗಿನ್ನೆಸ್ ದಾಖಲೆ. ಅಷ್ಟು ವೇಗ ಹೇಗೆಂದರೆ, ಮುಂದೆ ಬರಲಿರುವ ಗಿಣ್ಣುಗಳೆಲ್ಲ ಕಳಲೆಯಲ್ಲೇ ಸಿದ್ಧವಾಗಿರುತ್ತವೆ. ಮಿಕ್ಕಿರುವುದು ಒಂದೊಂದನ್ನು ಉದ್ದ ಮಾಡುವ ಕೆಲಸ. ಮಳೆಗಾಲದಲ್ಲಿ ಮಲೆನಾಡಿನವರು ಕಳಲೆಯನ್ನು ಹೆಚ್ಚಿ, ನೀರು ಬದಲಿಸುತ್ತ ನೆನೆಸಿಟ್ಟು ಪಲ್ಯ ಮಾಡಿದಾಗ ತಟ್ಟೆಯಲ್ಲಿ ಬರುವುದು ಒಂದಿಡೀ ಬಿದಿರು, ಉದ್ದವಾಗುವ ಮೊದಲು.

ನಿಜವಾಗಿ ಜಾಗ ಬಿಟ್ಟು ಹೋಗುವ ಗಿಡಗಳೂ ಇವೆ, ನಮ್ಮ ಹಿತ್ತಲಲ್ಲೇ. ಬಾಳೆಯನ್ನು ನೆಟ್ಟ ಜಾಗದಲ್ಲಿ ನಾಲ್ಕಾರು ವರ್ಷದ ಮೇಲೆ ಹೋಗಿ ನೋಡಿದರೆ ಅದು ಅಲ್ಲಿರುವುದಿಲ್ಲ. ಗೊನೆ ಬಿಟ್ಟ ತಾಯಿಗಿಡ ಸಾಯುತ್ತದೆ, ಪಕ್ಕದ ಕಂದು ಮೇಲೇಳುತ್ತದೆ, ಅದರ ಕಂದು ಇನ್ನೊಂದು ಪಕ್ಕಕ್ಕೆ. ಹೀಗೆ ತಲೆಮಾರಿಗೊಂದು ಹೆಜ್ಜೆ ಇಡುತ್ತಾ ಬುಡವೇ ಸರಿದುಹೋಗುತ್ತದೆ. ಬಚ್ಚಲ ನೀರು ಹರಿಯುವ ಕಡೆಯ ಕಂದುಗಳು ಚೆನ್ನಾಗಿ ಬರುವುದರಿಂದ ಸಾಮಾನ್ಯವಾಗಿ ಹೋಗುವುದೂ ಆ ಕಡೆಗೇ. ಆಲದ ಮರ ಇದನ್ನೇ ರಾಜಗಾಂಭೀರ್ಯದಿಂದ ಮಾಡುತ್ತದೆ. ಬೆಂಗಳೂರಿನ ಹತ್ತಿರದ ಕೇತೋಹಳ್ಳಿಯ ದೊಡ್ಡ ಆಲದ ಮರಕ್ಕೆ ಸುಮಾರು 400 ವರ್ಷ, ವಿಸ್ತಾರ ಮೂರು ಎಕರೆ. ಅದರ ಮೂಲ ಕಾಂಡ ರೋಗ ಬಂದು ಹೋಗಿದೆ, ಸುತ್ತ ಬಿಳಲುಗಳೇ ಕಾಂಡವಾಗಿ ನಿಂತಿವೆ. ಕೋಲ್ಕತ್ತದ ಹತ್ತಿರ ಶಿಬ್‌ಪುರದ ಸಸ್ಯೋದ್ಯಾನದ ಮಹಾ ಆಲದ ಮೂಲ ಕಾಂಡವನ್ನು 1925ರಲ್ಲೇ ಕಡಿದು ತೆಗೆದರು. ಮರ ಈಗಲೂ ಹಬ್ಬುತ್ತಿದೆ. ಪ್ರವಾಸಿಗರು ಮರದ ಬುಡ ಎಲ್ಲಿ ಅಂತ ಕೇಳುತ್ತಾರೆ. ಹೊರಟ ಊರು ಮುಳುಗಿಹೋದ ಪ್ರಯಾಣಿಕನನ್ನು ನಿನ್ನೂರು ಯಾವುದೆಂದು ಕೇಳಿದರೆ ಏನು ಹೇಳಿಯಾನು?

ಇಷ್ಟು ಹೊತ್ತು ಬೆಳೆದು ಚಲಿಸುವ ಮಾತಾಯಿತು. ಚಲಿಸಿ ಬೆಳೆಯುವುದೂ ಇದೆ. ಗಾಳಿಗೆ ಅಲ್ಲಾಡಿದ ಸಸಿ ಗಿಡ್ಡವಾಗಿ ದಪ್ಪವಾಗುತ್ತದೆ. ಅಲ್ಲಾಡದ್ದು ಸಣಕಲಾಗಿ ಉದ್ದವಾಗುತ್ತದೆ. ಅಮೆರಿಕದ ಮಾರ್ಕ್ ಜಾಫೆ 1973ರಲ್ಲಿ ಬೇರೆ ಬೇರೆ ಗಿಡಗಳ ಕಾಂಡವನ್ನು ದಿನಾ ಬೆರಳಿನಿಂದ ಉಜ್ಜಿ ನೋಡಿ, ಬರೀ ಮುಟ್ಟುವುದರಿಂದಲೇ ಅವು ಗಿಡ್ಡವಾಗುತ್ತವೆಂದು ತೋರಿಸಿದ. ರಸ್ತೆ ಬದಿಯಲ್ಲಿ ಸಸಿ ನೆಟ್ಟು, ಗೂಟಕ್ಕೆ ಮೂರು ಕಡೆ ಬಿಗಿದು ಕಟ್ಟಿ, ವರ್ಷಗಟ್ಟಲೆ ಬಿಚ್ಚದೆ ಬಿಡುವ ನಮ್ಮ ಪರಿಸರ ಪ್ರೇಮ ಇದನ್ನು ಓದಿಲ್ಲ. ಗೂಟ ಕಿತ್ತ ದಿನ ಆ ಸಸಿ ಬಗ್ಗುತ್ತದೆ. ಗಾಳಿ ಅದಕ್ಕೆ ನಿಲ್ಲುವುದನ್ನು ಕಲಿಸಬೇಕಾಗಿತ್ತು, ಗೂಟ ಅವಕಾಶ ಕೊಡಲಿಲ್ಲ.

ಪ್ರಾಣಿಗಳಲ್ಲಿ ಕೆಲವಕ್ಕೆ ಎರಡೂ ಕೆಲಸ ಒಟ್ಟಿಗೆ ಬೇಡವೆನಿಸಿದೆ. ಕಾರವಾರದ ಬಂಡೆಗಳ ಮೇಲೆ ಬರಿಗಾಲಲ್ಲಿ ನಡೆದವರ ಪಾದ ಕೊರೆಯುವ ಬಾರ್ನಕಲ್‌ಗಳು ಮರಿಯಾಗಿದ್ದಾಗ ನೀರಲ್ಲಿ ಈಜಾಡಿಕೊಂಡಿರುತ್ತವೆ. ಆಮೇಲೆ ಒಂದು ಜಾಗ ನೋಡಿ, ತಲೆ ಕೆಳಗಾಗಿ ಬಂಡೆಗೆ ಅಂಟಿಕೊಂಡು, ಸುತ್ತ ಸುಣ್ಣದ ಕೋಟೆ ಕಟ್ಟಿಕೊಂಡು ಅಲ್ಲೇ ದೊಡ್ಡವಾಗುತ್ತವೆ. ಡಾರ್ವಿನ್ ಇವುಗಳ ಹಿಂದೆ ಎಂಟು ವರ್ಷ ಕಳೆದಿದ್ದ. ಕೂತಲ್ಲೇ ಇರುವವರ ಮೇಲೆ ಅವನಿಗೆ ಮೊದಲಿನಿಂದಲೂ ಒಲವು. ಸಮುದ್ರದ ಇನ್ನೊಂದು ಜೀವಿ, ಚೀಲದಾಕಾರದ ಅಸಿಡಿಯನ್, ನೆಲೆ ಸಿಕ್ಕ ಮೇಲೆ ಈಜಲು ಬೇಕಿದ್ದ ಬಾಲವನ್ನೂ, ಮರಿಯ ಕಾಲದ ಪುಟ್ಟ ಮಿದುಳಿನ ಬಹುಭಾಗವನ್ನೂ ಕರಗಿಸಿಕೊಂಡುಬಿಡುತ್ತದೆ. ಖಾಯಂ ನೌಕರಿ ಸಿಕ್ಕವರ ಬಗ್ಗೆ ಇದನ್ನು ಬಳಸಿ ಯಾರೋ ಆಗಲೇ ಹಾಸ್ಯ ಮಾಡಿದ್ದಾರೆ, ನಾನು ಮುಂದುವರಿಸುವುದಿಲ್ಲ.

ನಮ್ಮ ಮಟ್ಟಿಗೆ ಬೆಳವಣಿಗೆ ಬೇರೆ, ಓಡಾಟ ಬೇರೆ ಎಂದು ಮೊದಲೇ ಹೇಳಿದೆನಲ್ಲ, ಅದು ಹೊರಗಣ್ಣಿನ ಮಾತು. ಬಸಿರಿನಲ್ಲಿ ಮಗು ಒದೆಯುವುದು ಅದರ ಕೀಲುಗಳನ್ನು ರೂಪಿಸುವ ಕೆಲಸ. ಮೊಟ್ಟೆಯೊಳಗಿನ ಕೋಳಿಮರಿಯನ್ನು ಔಷಧ ಕೊಟ್ಟು ಅಲ್ಲಾಡದಂತೆ ಮಾಡಿದಾಗ ಅದರ ಕೀಲುಗಳು ಬಿಡಿಸಿಕೊಳ್ಳಲೇ ಇಲ್ಲ, ಮೂಳೆಗೆ ಮೂಳೆ ಅಂಟಿಕೊಂಡಿತು. ಹುಟ್ಟಿದ ಮೇಲಿನ ಕಥೆ ಇನ್ನೂ ಚೆನ್ನಾಗಿದೆ. ನಿಂತವರ ತೊಡೆಮೂಳೆ ಸೊಂಟದಿಂದ ಮಂಡಿಗೆ ಒಳಮುಖವಾಗಿ ಓರೆಯಾಗಿ ಇಳಿಯುತ್ತದೆ. ಎರಡು ಮಂಡಿ ಹತ್ತಿರ ಬಂದು, ಒಂಟಿ ಕಾಲ ಮೇಲೆ ಭಾರ ಬಿದ್ದಾಗ ನಾವು ಪಕ್ಕಕ್ಕೆ ಉರುಳುವುದಿಲ್ಲ. ಈ ಓರೆ ಯಾವ ಮಗುವಿಗೂ ಹುಟ್ಟಿನಿಂದ ಬಂದದ್ದಲ್ಲ. ಅಂಬೆಗಾಲು ಬಿಟ್ಟು, ಎದ್ದು, ಬಿದ್ದು, ನಡೆಯತೊಡಗಿದ ಮೇಲೆ ಮೂಳೆ ಆ ಕೋನಕ್ಕೆ ಬೆಳೆಯುತ್ತದೆ. ಯಾವುದೋ ಕಾಯಿಲೆಯಿಂದ ನಡೆಯಲಾಗದೇ ಹೋದ ಮಕ್ಕಳಲ್ಲಿ ಅದು ಮೂಡುವುದೇ ಇಲ್ಲ. ನಮ್ಮ ಹೆಜ್ಜೆಗಳೂ ಮೈಯಾಗಿವೆ. ಗಿಡಕ್ಕಿಂತ ಗುಟ್ಟಾಗಿ, ಮಾಂಸದ ಒಳಗೆ.

ಬೆಳೆಯುವ ವಯಸ್ಸು ಮುಗಿದರೂ ಈ ವ್ಯವಹಾರ ಮುಗಿಯುವುದಿಲ್ಲ. ಬರ್ಲಿನ್ನಿನ ಯೂಲಿಯಸ್ ವೋಲ್ಫ್ ಎಂಬ ಶಸ್ತ್ರವೈದ್ಯ 1892ರಲ್ಲೇ ಬರೆದ: ಮೂಳೆ ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ತನ್ನನ್ನು ತಾನೇ ಮತ್ತೆ ಮತ್ತೆ ಕಟ್ಟಿಕೊಳ್ಳುತ್ತದೆ. ಟೆನಿಸ್ ಆಟಗಾರರ ರ‍್ಯಾಕೆಟ್ ಹಿಡಿಯುವ ತೋಳಿನ ಮೂಳೆ ಇನ್ನೊಂದಕ್ಕಿಂತ ದಪ್ಪ. ಭಾರವೇ ಇಲ್ಲದ ಬಾಹ್ಯಾಕಾಶದಲ್ಲಿ ಗಗನಯಾತ್ರಿಗಳ ಸೊಂಟ, ಕಾಲುಗಳ ಮೂಳೆ ತಿಂಗಳಿಗೆ ಶೇಕಡಾ 1ರಿಂದ 1.5ರಷ್ಟು ಸವೆಯುತ್ತದೆ, ಅದಕ್ಕಾಗಿ ಅಲ್ಲಿ ದಿನವೂ ಎರಡು ಗಂಟೆ ಬೆಲ್ಟು ಬಿಗಿದುಕೊಂಡು ವ್ಯಾಯಾಮ ಮಾಡಿಸುತ್ತಾರೆ.

ನಮ್ಮ ಸೋದರತ್ತೆಗೆ ಮೂಳೆ ಸವೆದಿದೆ ಅಂತ ಡಾಕ್ಟರು ಹೇಳಿ, ದಿನಾ ನಡೆಯಲು ಅಪ್ಪಣೆ ಕೊಟ್ಟರು. ಅತ್ತೆ ಅಲ್ಲೇ, "ನಂಗೇನು ಬೆಳೆಯೋ ವಯಸ್ಸಾ ಡಾಕ್ಟ್ರೇ? ಮೂಳೆ ಗಟ್ಟಿ ಮಾಡ್ಕೊಂಡು ಏನ್ಮಾಡ್ಲಿ?" ಅಂದರು. ಡಾಕ್ಟರು ತಾಳ್ಮೆಯ ಮನುಷ್ಯ. ಮೂಳೆ ಎಷ್ಟು ವಯಸ್ಸಾದರೂ ಹಳೆಯದನ್ನು ಕೆಡವಿ ಹೊಸದು ಕಟ್ಟುತ್ತಲೇ ಇರುತ್ತದೆ, ಭಾರ ಬಿದ್ದ ಕಡೆ ಕಟ್ಟುವುದು ಹೆಚ್ಚು ಅಂತ ವಿವರಿಸಿದರು. ಅತ್ತೆಗೆ ವಿವರಣೆ ಹಿಡಿಸಿತೋ, ಬೆಳಗಿನ ಹೊತ್ತು ಬೀದಿ ಖಾಲಿಯಿರುತ್ತದೆ ಅನ್ನುವುದು ಹಿಡಿಸಿತೋ, ಮಾರನೆಯ ದಿನದಿಂದಲೇ ಕೈಯಲ್ಲೊಂದು ಪ್ಲಾಸ್ಟಿಕ್ ಕವರ್ ಹಿಡಿದು ಹೊರಟರು. ವಾಪಸು ಬರುವಾಗ ಅದರ ತುಂಬ ದಾಸವಾಳ, ಕಣಗಿಲೆ, ನಂದಿಬಟ್ಟಲು. ಎತ್ತರದ ಕೊಂಬೆಗೆ ತುದಿಗಾಲಲ್ಲಿ ನಿಂತು, ಬಗ್ಗಿಸಿ, ಎಳೆದು ಕೀಳುವುದು ವೋಲ್ಫ್ ಕೂಡ ಮೆಚ್ಚುವ ವ್ಯಾಯಾಮ. ಪರರ ಮನೆಯ ಹೂ ಅತ್ತೆ, ಅಂದೆ. ಅವರು ಕವರನ್ನು ದೇವರ ಮನೆಯ ಹೊಸ್ತಿಲ ಮೇಲಿಟ್ಟು ನನ್ನನ್ನೇ ದಬಾಯಿಸಿದರು: "ಕಾಂಪೌಂಡ್ ದಾಟಿ ರಸ್ತೆಗೆ ಬಂದಿದ್ದು ಅದೇ ತಾನೇ? ನಾನೇನು ಒಳಗೆ ಹೋಗಿದ್ನಾ?"